ಬಾಡಿಗೆ ಮನೆಗೆ ಆಧಾರ್ ಕೊಡುವ ಮುಂಚೆ

ಮಡಿಕೇರಿ, ಕುಶಾಲನಗರ ಕಡೆ ಬಾಡಿಗೆ ಮನೆ ಹುಡುಕುತ್ತಿರುವವರೇ, ಮನೆ ನೋಡೋಕೆ ಮುಂಚೆಯೇ ಕೆಲವು ಮಾಲೀಕರು ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ವಾಟ್ಸಾಪ್ ಮಾಡಿ ಅಂತಾರೆ. ಸುಮ್ನೆ ಕಳಿಸಬೇಡಿ. ಅಗ್ರಿಮೆಂಟ್ ಹೊತ್ತಿಗೆ ಗುರುತಿನ ಚೀಟಿ ಕೇಳುವುದು ಸರಿ, ಅವರಿಗೂ ಭಯ ಇರುತ್ತೆ ಅಲ್ವಾ. ಅದಕ್ಕೆ ಮಾಸ್ಕ್ಡ್ ಆಧಾರ್ ಕೊಡಿ. ಮೈ ಆಧಾರ್ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಮಾಡುವಾಗ ಆ ಆಯ್ಕೆಗೆ ಟಿಕ್ ಹಾಕಿದರೆ ಮೊದಲ 8 ಅಂಕಿ ಮುಚ್ಚಿರುತ್ತೆ, ಕೊನೆಯ 4 ಮಾತ್ರ ಕಾಣುತ್ತೆ. ಜೆರಾಕ್ಸ್ ಮೇಲೆ ಅಡ್ಡಡ್ಡವಾಗಿ ‘ಬಾಡಿಗೆ ಕರಾರಿಗೆ ಮಾತ್ರ’ ಅಂತ ಬರೆದು ತಾರೀಕು, ಸಹಿ ಹಾಕಿ.

ಸ್ಟೇಟ್‌ಮೆಂಟ್ ಮಾತ್ರ ಬೇಡ. ನಾವು ಸಂತೆಯಲ್ಲಿ ಎಷ್ಟಕ್ಕೆ ಮೀನು ತಗೊಂಡ್ವಿ ಅನ್ನೋದು ಅವರಿಗೆ ಯಾಕೆ? ಕೆಲಸದ ಬಗ್ಗೆ ಅನುಮಾನ ಇದ್ದರೆ ಆಫೀಸ್ ಐಡಿ ತೋರಿಸಿ. ತೋಟದ ಕೆಲಸದವರು ಎಸ್ಟೇಟ್ ರೈಟರ್ (ತೋಟದ ಕೆಲಸ, ಲೆಕ್ಕ ನೋಡ್ಕೊಳ್ಳುವವರು) ಹತ್ರ ಒಂದು ಮಾತು ಹೇಳಿಸಿದರೆ ಸಾಕು. ಓಟಿಪಿ ಕೇಳಿದರೆ ಆ ಮನೆಯೇ ಬೇಡ.