ಬುದ್ಧಿ ಹಲ್ಲು ಕೀಳಬೇಕೋ ಬೇಡವೋ: ನಾನು ನೋಡುವ ರೀತಿ

ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಉಡುಪಿ, ಕುಂದಾಪುರ ಕಡೆಯ ಹೋಟೆಲ್ ಕೆಲಸದವರು ಜಾಸ್ತಿ ಬರುತ್ತಾರೆ. "ಡಾಕ್ಟ್ರೇ, ಕೀಳೋದು ಬೇಡ, ಮಾತ್ರೆ ಕೊಡಿ" ಎನ್ನುವವರೇ ಹೆಚ್ಚು. ಹಲ್ಲು ಕಿತ್ತರೆ ಕಣ್ಣಿಗೆ ತೊಂದರೆ ಎಂಬ ಭಯ ಇನ್ನೂ ಇದೆ. ಅದು ಸುಳ್ಳು. ನೋವೇ ಇಲ್ಲದೆ "ತೆಗೆದುಬಿಡಿ" ಎನ್ನುವವರೂ ಇದ್ದಾರೆ. ಇಬ್ಬರಿಗೂ ನಾನು ಮೊದಲು ಹೇಳುವುದು ಎರಡೂ ದವಡೆ ಒಂದೇ ಚಿತ್ರದಲ್ಲಿ ಕಾಣುವ ಒಪಿಜಿ ಎಕ್ಸ್‌-ರೇ ಮಾಡಿಸಿ ಎಂದೇ.

ಬುದ್ಧಿ ಹಲ್ಲು, ಅಂದರೆ ದವಡೆಯ ತೀರಾ ಹಿಂದಿನ ಕೊನೆಯ ಹಲ್ಲು, ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ ಬರುತ್ತದೆ. ನೇರವಾಗಿ ಬಂದಿದ್ದು, ಬ್ರಷ್ ತಲುಪುವಂತಿದ್ದರೆ ನಾನು ಮುಟ್ಟುವುದಿಲ್ಲ. ಒಸಡು ಮೊದಲ ಸಲ ಊದಿಕೊಂಡರೆ ತೊಳೆದು, ಉಪ್ಪುನೀರು ಮುಕ್ಕಳಿಸಲು ಹೇಳಿ ಕಳಿಸುತ್ತೇನೆ. ಮತ್ತೆ ಮತ್ತೆ ಊದಿದರೆ, ಕೀವು ಬಂದರೆ ತೆಗೆಯುವುದೇ ಸರಿ.

ನನಗೆ ನಿಜವಾದ ಚಿಂತೆ ಅಡ್ಡ ಮಲಗಿದ ಹಲ್ಲಿನದು. ಅದು ಮುಂದಿನ ದವಡೆ ಹಲ್ಲಿಗೆ ಒತ್ತಿಕೊಂಡಿರುತ್ತದೆ. ಆ ಸಂದಿಯಲ್ಲಿ ಸಿಕ್ಕ ಅನ್ನದಗುಳು ಬ್ರಷ್ಷಿಗೆ ಸಿಗುವುದಿಲ್ಲ. ಅಡುಗೆಮನೆಯಲ್ಲಿ ದುಡಿಯುವ ಒಬ್ಬ ಹುಡುಗ ನೋವಿನ ಮಾತ್ರೆ ನುಂಗುತ್ತಲೇ ದಿನ ದೂಡಿದ್ದ. ನನ್ನ ಹತ್ತಿರ ಬರುವಾಗ ಮುಂದಿನ ಗಟ್ಟಿ ಹಲ್ಲೂ ಬೇರಿನವರೆಗೆ ಹುಳುಕಾಗಿತ್ತು. ಎರಡನ್ನೂ ತೆಗೆಯಬೇಕಾಯಿತು. ಊಟ ಅಗಿಯಲು ಬೇಕಾಗಿದ್ದದ್ದು ಆ ಮುಂದಿನ ಹಲ್ಲು ಅಲ್ವಾ? ಅದು ಹೋದದ್ದು ನನಗೆ ಇವತ್ತಿಗೂ ಬೇಸರ.

ತೆಗೆಯುವಾಗ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಸಡು ಬಿಡಿಸಿ, ಬೇಕಾದರೆ ಸ್ವಲ್ಪ ಮೂಳೆ ಕೊರೆಯುತ್ತೇನೆ. ಹಲ್ಲನ್ನು ತುಂಡು ಮಾಡಿ ತೆಗೆದರೆ ದವಡೆಗೆ ಪೆಟ್ಟು ಕಡಿಮೆ. ಕೆಳತುಟಿಗೆ ಸ್ಪರ್ಶ ಕೊಡುವ ನರ ಕೆಳದವಡೆಯೊಳಗೇ ಹೋಗುತ್ತದೆ. ಬೇರು ಅದಕ್ಕೆ ತಾಗಿದಂತೆ ಕಂಡರೆ ಸ್ಕ್ಯಾನ್ ಮಾಡಿಸಿ ಬಾಯಿಯ ಸರ್ಜನ್ನರ ಬಳಿ ಕಳಿಸುತ್ತೇನೆ. ನರಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿಯುತ್ತದೆ, ಕೆಲವರಿಗೆ ಹಾಗೇ ಉಳಿದೂಬಿಡುತ್ತದೆ. ದುಡ್ಡಿನ ತೊಂದರೆ ಇದ್ದವರಿಗೆ ಮುಂಬೈ ಸೆಂಟ್ರಲ್‌ನ ನಾಯರ್ ಡೆಂಟಲ್ ಆಸ್ಪತ್ರೆ ಅಥವಾ ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರದ ಸರ್ಕಾರಿ ಡೆಂಟಲ್ ಕಾಲೇಜಿಗೆ ಹೋಗಲು ಹೇಳುತ್ತೇನೆ.

ಆಮೇಲಿನ ಪಥ್ಯ ನಾನು ಎರಡೆರಡು ಸಲ ಹೇಳುತ್ತೇನೆ. ಮೊದಲ 24 ಗಂಟೆ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ಸ್ಟ್ರಾ ಬೇಡ. ಬೀಡಿ, ಸಿಗರೇಟು, ಗುಟ್ಕಾ ಗಾಯ ಮಾಯುವವರೆಗೂ ಬೇಡವೇ ಬೇಡ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಮೂಳೆ ತೆರೆದುಕೊಂಡು, ಎರಡು ಮೂರು ದಿನದಲ್ಲಿ ಕಿವಿಯವರೆಗೆ ನೋವು ಹಬ್ಬುತ್ತದೆ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು ಸಾಕು. ಎರಡು ದಿನವಾದರೂ ಒಲೆಯ ಮುಂದೆ ನಿಲ್ಲಿಸಬೇಡಿ ಎಂದು ಮಾಲೀಕರಿಗೇ ಫೋನ್ ಮಾಡಿ ಕೇಳಿಕೊಳ್ಳುತ್ತೇನೆ.

ಕೀಳಿಸಿರಲಿ, ಬಿಟ್ಟಿರಲಿ, ಜ್ವರ ಬಂದು, ಬಾಯಿ ತೆರೆಯಲಾಗದೆ, ಎಂಜಲು ನುಂಗುವುದೂ ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬೇಡಿ. ನಂಜು ಕುತ್ತಿಗೆಗೆ ಇಳಿದಿರಬಹುದು. ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಿ.