ಲಿಗೆಟಿ ಕಾನ್ಚೆರ್ಟೊದಲ್ಲಿ ಸಮ ಹುಡುಕಿ ಸೋತದ್ದು

ಲಿಗೆಟಿಯ ಪಿಯಾನೋ ಕಾನ್ಚೆರ್ಟೊ ನುಡಿಸ್ತೀಯಾ ಅಂತ ಗುರುಗಳು ಕೇಳಿದಾಗ ಸುಮ್ನೆ ಹೂಂ ಅಂದುಬಿಟ್ಟೆ. ಕಾನ್ಚೆರ್ಟೊ ಅಂದರೆ ಒಂದು ವಾದ್ಯ ಮುಂದೆ ನಿಂತು ವಾದ್ಯವೃಂದದ ಜೊತೆ ನುಡಿಯುವ ಕೃತಿ. ಆಗ ನಾನು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಓದುತ್ತಿದ್ದೆ. ಹಂಗೆರಿಯ ಸಂಯೋಜಕ ಲಿಗೆಟಿ 1973ರಿಂದ 1989ರವರೆಗೆ ಸಂಗೀತ ರಚನೆ ಕಲಿಸಿದ್ದೂ ಅದೇ ಊರಲ್ಲಿ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ನಾಲ್ಕು ವರ್ಷ ಮೃದಂಗ ಬಾರಿಸಿದ್ದೆ. ಲಯ ನನಗೇನು ಕಷ್ಟ ಅನ್ನುವ ಜಂಬ ಬೇರೆ.

ಮೊದಲ ಭಾಗದಲ್ಲಿ ಎರಡು ಲಯ ಒಟ್ಟಿಗೆ ಓಡುತ್ತವೆ. ಒಂದು 12/8, ಇನ್ನೊಂದು 4/4. ಎರಡಕ್ಕೂ ಪೆಟ್ಟು ನಾಲ್ಕೇ. ಒಂದರಲ್ಲಿ ಪ್ರತಿ ಪೆಟ್ಟಿಗೂ ಮೂರರ ‘ತಕಿಟ’, ಇನ್ನೊಂದರಲ್ಲಿ ಎರಡರ ‘ತಕ’. ಇಷ್ಟೇ ಆಗಿದ್ದರೆ ಒಂದು ವಾರದ ಕೆಲಸ. ಆದರೆ ಒತ್ತು ಬೀಳುವುದು ಪೆಟ್ಟಿನ ಮೇಲಲ್ಲ. ಎರಡು ಪದರಕ್ಕೂ ತನ್ನದೇ ಸೊಟ್ಟ ಲೆಕ್ಕ ಇದೆ, ಅದು ಸುತ್ತಿ ಸುತ್ತಿ ಬರುತ್ತದೆ. ಒಂದರ ಸುತ್ತಿನ ಉದ್ದ ಇನ್ನೊಂದಕ್ಕಿಲ್ಲ. ಹಾಗಾಗಿ ಕೂಡುವುದು ತೀರಾ ಅಪರೂಪ. ಹೀಗೆ ಸುತ್ತಿ ಬರುವ ಲೆಕ್ಕಕ್ಕೆ ‘ತಾಲೇಯಾ’ ಅನ್ನುತ್ತಾರೆ. ನಮ್ಮ ತಾಳವೇ ಅಂದುಕೊಂಡು ಖುಷಿಪಟ್ಟೆ. ಅಲ್ಲ, ಯುರೋಪಿನ ಮಧ್ಯಯುಗದವರು ಬಳಸಿದ ಲ್ಯಾಟಿನ್ ಪದ.

ಎಡವಿದ್ದು ಇಲ್ಲೇ. ಎರಡು ಒತ್ತು ಹತ್ತಿರ ಬಂದರೆ ಸಾಕು, ತಾಳದ ಮೊದಲ ಪೆಟ್ಟು, ಅಂದರೆ ಸಮ, ಬಂತು ಅಂತ ಮೈ ತಾನೇ ಇಳಿದುಬಿಡುತ್ತಿತ್ತು. ತಲೆ ಆಡಿಸಿ, ಜೋರಾಗಿ ಕುಟ್ಟುತ್ತಿದ್ದೆ. ಮೊದಲ ರಿಹರ್ಸಲ್‌ನಲ್ಲಿ ಹೀಗೆ ಕುಟ್ಟಿ ವಯಲಿನ್‌ನವರನ್ನೂ ದಾರಿ ತಪ್ಪಿಸಿದೆ. ವಾದ್ಯವೃಂದ ನಡೆಸುವ ಕಂಡಕ್ಟರ್ ಕೋಲು ಕೆಳಗಿಟ್ಟು, ಒಬ್ಬನೇ ಯಾರ ಜೊತೆ ಸೇರಿದೆ ಅಂದರು.

ಆಮೇಲೆ ಪಿಯಾನೋ ಮುಚ್ಚಿದೆ. ಕಾರಿಡಾರ್‌ನಲ್ಲಿ ನಾಲ್ಕು ಪೆಟ್ಟಿನ ಲೆಕ್ಕಕ್ಕೆ ಹೆಜ್ಜೆ ಹಾಕುತ್ತಾ ಒಂದು ಪದರವನ್ನು ಬಾಯಲ್ಲಿ ಹೇಳಿದೆ. ಮಾರನೇ ದಿನ ಇನ್ನೊಂದು. ಅಕ್ಕಪಕ್ಕದವರು ಬಾಗಿಲು ತೆರೆದು ನೋಡುತ್ತಿದ್ದರು, ಇರಲಿ. ವಾದ್ಯಕ್ಕೆ ಮರಳಿದ ಮೇಲೆ ಅರ್ಧ ವೇಗದಲ್ಲಿ, ಒತ್ತೇ ಇಲ್ಲದೆ ಮೆತ್ತಗೆ ನುಡಿಸಿದೆ. ನಂತರ ಒಂದು ಪದರಕ್ಕೆ ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದ ಒತ್ತು ಮಾತ್ರ, ನಂತರ ಇನ್ನೊಂದರ ನೀಲಿಯದು ಮಾತ್ರ. ಎರಡು ಪುಟಕ್ಕೆ ಮೂರು ವಾರ ಹಿಡಿಯಿತು. ಮೃದಂಗದ ಪಾಠದಲ್ಲಿ ಉಪಯೋಗಕ್ಕೆ ಬಂದದ್ದು ಬಾಯಲ್ಲಿ ಹೇಳುವುದು. ಸಮಕ್ಕೆ ಕಾಯುವುದನ್ನು ಮರೆಯಬೇಕಾಯಿತು.

ಎರಡನೇ ಭಾಗ ನಿಧಾನ. ಕೀರಲು ದನಿಯ ಪುಟ್ಟ ಕೊಳಲು ಪಿಕಲೋ ತನ್ನ ಅತಿ ಕೆಳಗಿನ ಸ್ವರದಲ್ಲಿ, ದಪ್ಪ ದನಿಯ ಊದುವಾದ್ಯ ಬಸೂನ್ ಅತಿ ಮೇಲಿನದರಲ್ಲಿ. ಕ್ಲಾರಿನೆಟ್‌ನವಳು ಒಕರೀನ ಅನ್ನುವ ಸಣ್ಣ ಊದುವಾದ್ಯವನ್ನೂ ಊದಬೇಕು, ಸ್ವಲ್ಪ ಜೋರಾದರೆ ಶ್ರುತಿ ಏರಿಬಿಡುತ್ತದೆ. ಅವಳ ಪಾಡು ನೋಡಿ ನನ್ನದೇ ವಾಸಿ ಅನಿಸಿತು.

ನಾವು ನುಡಿಸಿದ್ದು ಮೊದಲ ಮೂರು ಭಾಗ. 1986ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಮೊದಲು ಕೇಳಿಸಿದ್ದೂ ಅಷ್ಟೇ. ಅದು ಸಾಲದು ಅನಿಸಿ ಲಿಗೆಟಿ ಇನ್ನೆರಡು ಬರೆದರು, ಐದೂ ಸೇರಿ 1988ರಲ್ಲಿ ವಿಯೆನ್ನಾದಲ್ಲಿ ಬಂತು. ನಾಲ್ಕನೆಯದರ ಹಾಳೆ ಈಗ ನನ್ನ ಪಿಯಾನೋ ಮೇಲಿದೆ. ಹತ್ತು ಬಾರ್, ಅಂದರೆ ಹತ್ತು ಆವರ್ತದಷ್ಟು, ಆಗಿದೆ.