ಡೀಸೆಲ್ ಮುಳ್ಳು ಸುಳ್ಳು ಹೇಳಿದರೆ: ಹಳೇ ಪಿಕಪ್‌ನ ಗೇಜ್ ಸರಿಮಾಡುವ ಬಗೆ

ಟ್ಯಾಂಕ್ ತುಂಬಿಸಿಕೊಂಡು ಬಂಕಿನಿಂದ ಹೊರಬಿದ್ದರೂ ಮುಳ್ಳು ‘ಇ’ ಬಿಟ್ಟು ಏಳುವುದಿಲ್ಲ. ಇಲ್ಲವೇ ಡೀಸೆಲ್ ತಳ ಕಾಣುತ್ತಿದ್ದರೂ ‘ಎಫ್’ ಮೇಲೆ ಕೂತಿರುತ್ತದೆ. ಹತ್ತು ಹದಿನೈದು ವರ್ಷ ದುಡಿದ ಪಿಕಪ್‌ಗಳಲ್ಲಿ ಇದು ಎಷ್ಟು ಮಾಮೂಲು ಎಂದರೆ, ಟ್ಯಾಂಕಿಗೆ ಕಡ್ಡಿ ಅದ್ದಿ ನೋಡಿಕೊಂಡೇ ವರ್ಷಗಟ್ಟಲೆ ಓಡಿಸುವವರಿದ್ದಾರೆ. ಅಂದಾಜು ತಪ್ಪಿದ ದಿನ ಕಷ್ಟ ಗೊತ್ತಾಗುತ್ತದೆ. ಡೀಸೆಲ್ ಗಾಡಿ ಒಮ್ಮೆ ಪೂರ್ತಿ ಒಣಗಿತೆಂದರೆ ಲೈನ್ ಏರ್ ಹಿಡಿಯುತ್ತದೆ. ಆಮೇಲೆ ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದರಷ್ಟೇ ಸಾಲದು. ಲೈನಿನ ಏರ್ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತುತ್ತಾ, ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಕಾಯಬೇಕು. ಟೊಮೆಟೊ ಹೇರಿಕೊಂಡು ಬೆಳಗಿನ ಹರಾಜಿಗೆ ಎಪಿಎಂಸಿ ಕಡೆ ಹೊರಟವರಿಗೆ ನಡುರಾತ್ರಿ ಹೆದ್ದಾರಿಯಲ್ಲಿ ಇದೆಲ್ಲ ಯಾರಿಗೆ ಬೇಕು?

ಗ್ಯಾರೇಜಿಗೆ ಹೋದರೆ ‘ಮೀಟರ್ ಹೋಗಿದೆ ಸಾರ್, ಹೊಸದು ಹಾಕ್ಬೇಕು’ ಎಂಬ ಉತ್ತರ ಸಲೀಸಾಗಿ ಸಿಗುತ್ತದೆ. ದುಡ್ಡು ಬಿಚ್ಚುವ ಮುನ್ನ ಸ್ವಲ್ಪ ಯೋಚಿಸಿ. ಮೀಟರ್ ಇರುವುದು ಕ್ಯಾಬಿನ್ ಒಳಗೆ, ಬೆಚ್ಚಗೆ. ಮಳೆ, ಕೆಸರು, ಕುಲುಕಾಟವೆಲ್ಲ ಟ್ಯಾಂಕಿನ ಬಳಿಯ ತಂತಿಗಳ ಪಾಲು. ಹಾಗಾಗಿ ಹುಡುಕಾಟ ಅಲ್ಲಿಂದ ಶುರುವಾಗಲಿ. ಮೀಟರ್ ಬಿಚ್ಚುವುದು ಕೊನೆಗೆ.

ವ್ಯವಸ್ಥೆ ಸರಳ. ಟ್ಯಾಂಕಿನೊಳಗೆ ಒಂದು ಫ್ಲೋಟ್, ಅದಕ್ಕೊಂದು ತಂತಿಯ ತೋಳು. ಡೀಸೆಲ್ ಏರಿಳಿದಂತೆ ತೋಳೂ ಆಡುತ್ತದೆ; ಅದರ ಇನ್ನೊಂದು ತುದಿಯ ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ಪಟ್ಟಿಯ ಮೇಲೆ ಜಾರುತ್ತದೆ. ಇದಿಷ್ಟೂ ಸೇರಿದ್ದೇ ಟ್ಯಾಂಕ್ ಯೂನಿಟ್. ಕರೆಂಟು ಕೀಯಿಂದ ಫ್ಯೂಸ್, ಫ್ಯೂಸ್‌ನಿಂದ ಮೀಟರ್, ಅಲ್ಲಿಂದ ತಂತಿ ಹಿಡಿದು ಟ್ಯಾಂಕ್ ಯೂನಿಟ್‌ಗೆ ಬಂದು, ಅರ್ಥ್ ಮೂಲಕ ಚಾಸಿಗೆ ಇಳಿಯುತ್ತದೆ. ಈ ದಾರಿ ಎಲ್ಲಿ ಕಡಿದರೂ ಮುಳ್ಳು ಒಂದು ತುದಿಗೆ ಹೋಗಿ ನಿಲ್ಲುತ್ತದೆ. ಕೆಲವು ಗಾಡಿಗಳಲ್ಲಿ ‘ಇ’ಗೆ, ಕೆಲವುಗಳಲ್ಲಿ ‘ಎಫ್’ಗೆ.

ಒಂದು ಎಚ್ಚರಿಕೆ: ಇಲ್ಲಿ ಹೇಳುವುದು ಮುಳ್ಳಿನ ಮೀಟರ್ ಇರುವ ಹಳೇ 12 ವೋಲ್ಟ್ ಗಾಡಿಗಳಿಗೆ. ಡಿಜಿಟಲ್ ಮೀಟರ್ ಇದ್ದರೆ ಕೆಳಗಿನ ತಂತಿ ಮುಟ್ಟಿಸುವ ಪರೀಕ್ಷೆ ಮಾಡಬೇಡಿ.

ಮೊದಲು ಫ್ಯೂಸ್

ಕೀ ಆನ್ ಮಾಡಿ ಟೆಂಪರೇಚರ್ ಮುಳ್ಳನ್ನೂ ಗಮನಿಸಿ. ಎಂಜಿನ್ ಬಿಸಿಯಾದರೂ ಅದು ಅಲುಗದಿದ್ದರೆ, ಅಥವಾ ಎರಡೂ ಮುಳ್ಳು ಒಟ್ಟಿಗೆ ತಪ್ಪು ತೋರಿಸಿದರೆ, ತೊಂದರೆ ಇಬ್ಬರಿಗೂ ಸೇರಿದ ಜಾಗದಲ್ಲಿದೆ: ಫ್ಯೂಸ್, ಡ್ಯಾಶ್‌ಬೋರ್ಡ್ ಹಿಂದಿನ ಅರ್ಥ್, ಅಥವಾ ಕೆಲವು ಗಾಡಿಗಳ ಮೀಟರ್ ಹಿಂದಿರುವ ವೋಲ್ಟೇಜ್ ಸ್ಟೆಬಿಲೈಸರ್. ಡೀಸೆಲ್ ಮುಳ್ಳು ಮಾತ್ರ ಹಟ ಹಿಡಿದಿದ್ದರೆ ಟ್ಯಾಂಕಿನ ಕಡೆ ನಡೆಯಿರಿ.

ಅರ್ಥ್ ಪರೀಕ್ಷೆ

ಟ್ಯಾಂಕ್ ಯೂನಿಟ್ ಮೇಲೆ ಎರಡೋ ಮೂರೋ ತಂತಿಗಳಿರುತ್ತವೆ. ಒಂದು ಮೀಟರಿಗೆ, ಒಂದು ಅರ್ಥ್. ಮೂರನೆಯದಿದ್ದರೆ ಸಾಮಾನ್ಯವಾಗಿ ರಿಸರ್ವ್ ದೀಪದ್ದು. ಅರ್ಥ್ ತಂತಿ ಚಾಸಿಗೆ ಬೋಲ್ಟ್ ಆದ ಜಾಗ ನೋಡಿ. ಕರಾವಳಿಯಲ್ಲಿ ಮೀನು ಸಾಗಿಸುವ ಪಿಕಪ್ ಆಗಿದ್ದರೆ ಬೇರೆಡೆ ಹುಡುಕುವ ಮುಂಚೆಯೇ ಇದನ್ನು ಬಿಚ್ಚಿ. ಐಸ್ ಕರಗಿ ಸೋರುವ ಉಪ್ಪುನೀರು ಚಾಸಿಯ ಮೇಲೆ ಹರಿದು ಬೋಲ್ಟ್ ಸುತ್ತ ಹಸಿರು, ಬಿಳಿ ಪುಡಿ ಕಟ್ಟಿಸುತ್ತದೆ. ತಂತಿ ಹೊರಗೆ ಗಟ್ಟಿಯಾಗಿಯೇ ಕಾಣುತ್ತದೆ. ಎಳೆದರೆ ರಬ್ಬರಿನೊಳಗೆ ತಾಮ್ರ ಕಪ್ಪಾಗಿ ಪುಡಿಯಾಗಿರುತ್ತದೆ.

ಪರೀಕ್ಷೆ ಹೀಗೆ: ಕೀ ಆನ್ ಇರಲಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಯೂನಿಟ್‌ನ ಅರ್ಥ್ ಪಿನ್ನಿಗೆ ಹಿಡಿಯಿರಿ. ಸೊನ್ನೆಯ ಆಸುಪಾಸು ಬರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕ. ಬೋಲ್ಟ್ ಬಿಚ್ಚಿ, ಎಮರಿ ಪೇಪರ್‌ನಿಂದ ಲೋಹ ಹೊಳೆಯುವಷ್ಟು ಉಜ್ಜಿ, ತಂತಿಯ ತುದಿಗೆ ಹೊಸ ಲಗ್ (ಬೋಲ್ಟ್‌ಗೆ ಸಿಕ್ಕಿಸುವ ಲೋಹದ ಬಳೆ) ಹಾಕಿ ಬಿಗಿದು ಮೇಲೆ ಗ್ರೀಸ್ ಸವರಿ. ತುಂಬ ಗಾಡಿಗಳ ಕಾಯಿಲೆ ಇಲ್ಲಿಗೇ ಮುಗಿಯುತ್ತದೆ.

ಮೀಟರ್ ತಂತಿಯ ಪರೀಕ್ಷೆ

ಅರ್ಥ್ ಸರಿಯಿದ್ದೂ ಮುಳ್ಳು ಏಳದಿದ್ದರೆ ಡ್ಯಾಶ್‌ಬೋರ್ಡ್ ಮುಂದೆ ಒಬ್ಬರನ್ನು ಕೂರಿಸಿ. ಯೂನಿಟ್‌ನಿಂದ ಮೀಟರ್ ತಂತಿ ಕಳಚಿ, ಮುಳ್ಳು ಎಲ್ಲಿದೆ ಎಂದು ಕೇಳಿ. ಆಮೇಲೆ ಆ ತಂತಿಯನ್ನು ಟ್ಯಾಂಕಿನಿಂದ ದೂರ ಎಳೆದು ಚಾಸಿಗೆ ಮುಟ್ಟಿಸಿ. ನೇರವಾಗಿ ಮುಟ್ಟಿಸುವ ಬದಲು ಮಧ್ಯೆ ಒಂದು ಪಾರ್ಕಿಂಗ್ ಬಲ್ಬ್ ಇಟ್ಟರೆ ಮೀಟರಿನ ಕಾಯಿಲ್ ಸುಡುವ ಭಯವಿಲ್ಲ. ಮುಳ್ಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಚೆನ್ನಾಗಿ ಓಡಿದರೆ ಮೀಟರೂ ತಂತಿಯೂ ಸರಿ ಇವೆ, ತಪ್ಪು ಟ್ಯಾಂಕಿನೊಳಗಿನದು. ಹಳೇ ಮೀಟರ್‌ಗಳಲ್ಲಿ ಕೆಲವು ನಿಧಾನಿ, ಹತ್ತಾರು ಸೆಕೆಂಡು ಬೇಕಾಗಬಹುದು. ಏನೂ ಅಲುಗದಿದ್ದರೆ ಮಧ್ಯದ ತಂತಿ ಕಡಿದಿರಬೇಕು. ಚಾಸಿ ಉದ್ದಕ್ಕೂ ಕ್ಲಿಪ್ ಹಾಕಿದ ಕಡೆ, ಇಲಿ ಕಚ್ಚಿದ ಕಡೆ, ಯಾರೋ ಟೇಪ್ ಸುತ್ತಿ ಜೋಡಿಸಿದ ಕಡೆ ಬೆರಳಾಡಿಸಿ ನೋಡಿ.

ಟ್ಯಾಂಕ್ ಯೂನಿಟ್ ಹೊರತೆಗೆಯುವುದು

ಡೀಸೆಲ್ ಹೊತ್ತಿಕೊಳ್ಳುವುದಿಲ್ಲ ಎಂಬ ಧೈರ್ಯ ಬೇಡ. ನಮ್ಮಲ್ಲಿ ಮಾರುವ ಡೀಸೆಲ್‌ಗೆ ನಿಗದಿಯಾದ ಕನಿಷ್ಠ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಅದರ ಆವಿ ಹೊತ್ತಿಕೊಳ್ಳುವ ಉಷ್ಣತೆ, 35 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ರಾಯಚೂರಿನ ಬೇಸಿಗೆ ಅದನ್ನು ದಾಟಿ 40ರ ಮೇಲಿರುತ್ತದೆ. ಪೆಟ್ರೋಲ್ ಗಾಡಿಯಾದರಂತೂ ಈ ಕೆಲಸ ಮೆಕ್ಯಾನಿಕ್‌ಗೆ ಬಿಡುವುದೇ ಮೇಲು. ಬಯಲಲ್ಲಿ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಕಳಚಿ. ಬೀಡಿ ಸಿಗರೇಟು ದೂರವಿರಲಿ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಡೀಸೆಲ್ ಇರಲಿ.

ಬಿಚ್ಚುವ ಮುಂಚೆ ಯೂನಿಟ್ ಸುತ್ತಲ ಮಣ್ಣನ್ನು ಬ್ರಷ್ ಹಾಕಿ ತೆಗೆಯಿರಿ, ಇಲ್ಲದಿದ್ದರೆ ಅದೆಲ್ಲ ಟ್ಯಾಂಕಿಗೆ ಬಿದ್ದು ಫಿಲ್ಟರ್ ಕಟ್ಟುತ್ತದೆ. ಯೂನಿಟನ್ನು ಹಿಡಿದಿಡುವ ಲಾಕ್ ರಿಂಗ್ ಇದ್ದರೆ ಮರದ ತುಂಡಿಟ್ಟು ತಟ್ಟಿ ತಿರುಗಿಸಿ. ಉಕ್ಕಿನ ಉಳಿ ಬೇಡ, ಕಿಡಿ ಹಾರುತ್ತದೆ. ತೋಳು ಬಾಗದಂತೆ ಓರೆ ಮಾಡಿ ಎಳೆಯಿರಿ.

ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಗುಳುಗುಳು ಎಂದರೆ ಡೀಸೆಲ್ ಕುಡಿದಿದೆ, ಇನ್ನು ತೇಲುವುದಿಲ್ಲ. ಟ್ಯಾಂಕ್ ತುಂಬಿದ್ದರೂ ‘ಇ’ ತೋರಿಸುವುದಕ್ಕೆ ಇದೂ ಒಂದು ಕಾರಣ. ಅನುಮಾನವಿದ್ದರೆ ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ, ತೂತಿದ್ದಲ್ಲಿ ಗುಳ್ಳೆ ಏಳುತ್ತವೆ. ಹಿತ್ತಾಳೆಯದ್ದಾದರೆ ಬೆಸುಗೆ ಹಾಕುವ ಮಾತಾಡುವವರಿದ್ದಾರೆ. ಒಳಗೆ ಡೀಸೆಲ್ ಇರುವಾಗ ಬೆಂಕಿ ತೋರಿಸುವುದು ಅಪಾಯ, ಬೇರೆ ಫ್ಲೋಟ್ ಹಾಕಿ.

ಫ್ಲೋಟ್ ಚೆನ್ನಾಗಿದ್ದರೆ ಮಲ್ಟಿಮೀಟರನ್ನು ಓಮ್ಸ್‌ಗೆ ತಿರುಗಿಸಿ, ಮೀಟರ್ ಪಿನ್ ಮತ್ತು ಅರ್ಥ್ ನಡುವೆ ಹಿಡಿದು, ತೋಳನ್ನು ನಿಧಾನಕ್ಕೆ ಮೇಲೆತ್ತಿ. ಇಷ್ಟೇ ಓಮ್ ಬರಬೇಕೆಂಬ ಲೆಕ್ಕ ಗಾಡಿಯಿಂದ ಗಾಡಿಗೆ ಬೇರೆ. ಅಂಕಿ ಒಂದೇ ದಿಕ್ಕಿನಲ್ಲಿ ಏರುತ್ತಲೋ ಇಳಿಯುತ್ತಲೋ ಹೋಗಬೇಕು, ನಡುವೆ ಮಾಯವಾಗಬಾರದು. ಕಾಂಟ್ಯಾಕ್ಟ್ ಹೆಚ್ಚು ಹೊತ್ತು ಆಡುವ ಜಾಗದಲ್ಲೇ ಪಟ್ಟಿ ಸವೆಯುತ್ತದೆ. ದಿನಾ ‘ಐನೂರಕ್ಕೆ ಹಾಕಪ್ಪ’ ಎಂದು ಓಡಿಸುವವರ ಗಾಡಿಯಲ್ಲಿ ಅದು ಕೆಳಗಿನ ಕಾಲು ಭಾಗ. ಬರೀ ಕೊಳೆ ಕೂತಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಬಟ್ಟೆಯಲ್ಲಿ ಒರೆಸಿ. ಸವೆದಿದ್ದರೆ ಹೊಸದೇ ಗತಿ. ಅಂಗಡಿಗೆ ಹಳೆಯದನ್ನು ಕೈಯಲ್ಲೇ ಹಿಡಿದುಹೋಗಿ: ತೋಳಿನ ಉದ್ದ, ಓಮ್ ಲೆಕ್ಕ ಎರಡೂ ಹೊಂದಬೇಕು. ಓಮ್ ಲೆಕ್ಕ ತಿರುಗುಮುರುಗಾದ ಯೂನಿಟ್ ಹಾಕಿದರೆ ಡೀಸೆಲ್ ಖಾಲಿಯಾದಷ್ಟೂ ಮುಳ್ಳು ಮೇಲೇರುತ್ತದೆ!

ಹೊಸದನ್ನು ಟ್ಯಾಂಕಿಗೆ ಇಳಿಸುವ ಮುಂಚೆ ಟ್ಯಾಂಕಿನ ಬಾಯಿ ಮುಚ್ಚಿ, ಬ್ಯಾಟರಿ ಮತ್ತು ಕನೆಕ್ಟರ್ ಜೋಡಿಸಿ, ತೋಳನ್ನು ಕೈಯಲ್ಲಿ ಆಡಿಸಿ ನೋಡಿಬಿಡಿ. ಕೂರಿಸುವಾಗ ಗ್ಯಾಸ್ಕೆಟ್ ಹೊಸದಿರಲಿ. ಸಾಮಾನ್ಯ ಸಿಲಿಕಾನ್ ಪೇಸ್ಟ್ ಡೀಸೆಲ್‌ಗೆ ನಿಲ್ಲುವುದಿಲ್ಲ, ಬಿಟ್ಟುಕೊಂಡು ಟ್ಯಾಂಕಿನೊಳಗೆ ಬೀಳುತ್ತದೆ. ಎಲ್ಲ ಆದಮೇಲೆ ಐದೈದು ಲೀಟರ್ ಡೀಸೆಲ್ ಸುರಿಯುತ್ತಾ, ಪ್ರತಿ ಸಲ ಮುಳ್ಳು ಎಲ್ಲಿ ನಿಂತಿತೆಂದು ಮೀಟರ್ ಗಾಜಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಕೆಳಗಿನ ಎರಡು ಗುರುತು ಸರಿಯಾಗಿ ಬಂದರೆ ಸಾಕು. ಮೇಲಿನದು ಕೊಂಚ ಆಚೀಚೆಯಾದರೆ ತಲೆಕೆಡಿಸಿಕೊಳ್ಳಬೇಡಿ.